ಬಿಳಿ ಜೋಡಿಗೆ ಬೂದು ಮರಿ: ಫಿಂಚ್ ಸಾಕೋರಿಗೆ ಬಣ್ಣದ ಲೆಕ್ಕ

ಎರಡು ವರ್ಷದ ಹಿಂದೆ ಶಿವಮೊಗ್ಗದ ಒಂದು ಅಂಗಡೀಲಿ ಒಂದು ಜೋಡಿ ಬಿಳಿ ಝೀಬ್ರಾ ಫಿಂಚ್ ತಗೊಂಡೆ. ತೂತು ಹೊಡೆದ ರಟ್ಟಿನ ಡಬ್ಬ ತೊಡೆ ಮೇಲಿಟ್ಕೊಂಡು ತೀರ್ಥಹಳ್ಳಿ ಬಸ್ ಹತ್ತಿದ್ದು, ಮಂಡಗದ್ದೆ ದಾಟೋವರೆಗೂ ಒಳಗಿಂದ ಜಾತ್ರೆ ಪೀಪಿ ತರ ಪೀಂ ಪೀಂ ಅಂತ ಸೌಂಡು, ಪಕ್ಕದಲ್ಲಿ ಕೂತಿದ್ದ ಅಜ್ಜರೊಬ್ರು "ಎಂತ ಮಾರಾಯ ಅದು, ಕೋಳಿ ಮರಿಯಾ" ಅಂತ ಎರಡು ಸಲ ಕೇಳಿದ್ರು. ಮನೆಗೆ ತಂದು ಜಗಲಿ ಮೂಲೇಲಿ ಪಂಜರ ತೂಗು ಹಾಕಿ, ಒಂದು ಮಡಕೆ ಕಟ್ಟಿ, ತೆಂಗಿನ ನಾರು ಬಿಡಿಸಿ ಹಾಕಿದ್ದಷ್ಟೇ, ಎರಡು ವಾರದೊಳಗೆ ಐದು ಮೊಟ್ಟೆ. ನಾಲ್ಕು ಒಡೀತು. ಗರಿ ಬಂದ ಮೇಲೆ ನೋಡಿದ್ರೆ ನಾಲ್ಕಕ್ಕೆ ನಾಲ್ಕೂ ಬೂದು. ಒಂದರ ಮೈಮೇಲೂ ಬಿಳಿ ಅನ್ನೋದೇ ಇಲ್ಲ.

ಅಮ್ಮ ಇಣುಕಿ ನೋಡಿ "ಯಾವ್ದೋ ಗುಬ್ಬಿ ಬಂದು ಮೊಟ್ಟೆ ಇಟ್ಟು ಹೋಗಿರ್ಬೇಕು ನೋಡು" ಅಂದ್ರು. ಪಂಜರದ ಕಂಬಿ ನಡುವೆ ಗುಬ್ಬಿ ಹೆಂಗೆ ನುಗ್ಗುತ್ತೆ ಅಂತ ಕೇಳಿದ್ರೆ ಅವರ ಹತ್ರ ಉತ್ತರ ಇಲ್ಲ, ನನ್ನ ಹತ್ರಾನೂ ಇರಲಿಲ್ಲ. ಅಂಗಡಿಗೆ ಫೋನ್ ಮಾಡಿದ್ರೆ "ಹಂಗೆಲ್ಲ ಆಗ್ತದೆ ಸಾರ್, ನೇಚರ್ ಅಲ್ವಾ" ಅಂದ.

ಹಂಗೆ ಸುಮ್ಸುಮ್ನೆ ಆಗಲ್ಲ ಅಂತ ಈಗ ಗೊತ್ತು. ಮರಿ ಬಣ್ಣ ಇಟ್ಕೊಂಡು ಹಿಂದಕ್ಕೆ ಲೆಕ್ಕ ಹಾಕಿದ್ರೆ ಅಪ್ಪ ಅಮ್ಮನ ಜಾತಕ ಪೂರ್ತಿ ಸಿಗುತ್ತೆ, ಅಂಗಡಿಯವ್ನು ಯಾವ ಹೆಸ್ರು ಹೇಳಿ ಮಾರಿದ್ದ ಅನ್ನೋದು ಬೇಕೇ ಆಗಲ್ಲ. ಆ ಲೆಕ್ಕ ಹಾಕೋದು ಹೆಂಗೆ ಅಂತ ಒಂದೊಂದೇ ಹೆಜ್ಜೆ ಬರೀತೀನಿ. ಒಂದು ನೋಟ್‌ಬುಕ್ ಪಕ್ಕದಲ್ಲಿ ಇಟ್ಕೊಳ್ಳಿ, ಮಕ್ಕಳು ಅರ್ಧ ಬರೆದು ಬಿಟ್ಟಿರೋ ಹಳೇ ನೋಟ್‌ಬುಕ್ ಆದ್ರೂ ಸಾಕು.

ಮೊದಲ ಕೆಲಸ: ಮನೇಲಿರೋದು ಯಾವ ಹಕ್ಕಿ ಅಂತ ಸರಿಯಾಗಿ ನೋಡಿ

ಝೀಬ್ರಾ ಫಿಂಚ್ ಮೂಲ ಆಸ್ಟ್ರೇಲಿಯಾದ್ದು. ಅಲ್ಲಿ ಕಾಡಲ್ಲಿರೋ ಬಣ್ಣ ಬೂದು, ನಾವು ಗ್ರೇ ಇಲ್ಲಾ ನಾರ್ಮಲ್ ಅಂತೀವಲ್ಲ ಅದೇ. ಗಂಡಿಗೆ ಕೆನ್ನೆ ಮೇಲೆ ಕಿತ್ತಳೆ ಬೊಟ್ಟು, ಎದೆಗೆ ಕಪ್ಪು ಪಟ್ಟಿ, ಪಕ್ಕೇಲಿ ಕಂದು ಬಣ್ಣದ ಮೇಲೆ ಬಿಳಿ ಚುಕ್ಕಿ, ಕೊಕ್ಕು ಕೆಂಪು. ಹೆಣ್ಣಿಗೆ ಇದ್ಯಾವ್ದೂ ಇಲ್ಲ, ಕೊಕ್ಕು ಕಿತ್ತಳೆ. ಹಾಡೋದು ಗಂಡು ಮಾತ್ರ. ಪೂರ್ತಿ ಬಿಳಿ ಹಕ್ಕೀಲಿ ಕೆನ್ನೆ ಎದೆ ಏನೂ ಕಾಣ್ಸಲ್ವಲ್ಲ, ಅಲ್ಲಿ ಕೊಕ್ಕಿನ ಬಣ್ಣ ಮತ್ತೆ ಹಾಡೇ ಗತಿ.

ಪೇಟೇಲಿ ಜಾಸ್ತಿ ಸಿಗೋದು ಗ್ರೇ, ಫಾನ್ ಅಂದ್ರೆ ಬೂದು ಇರೋ ಕಡೆ ಹಾಲು ಹಾಕಿದ ಟೀ ತರ ತಿಳಿ ಕಂದು, ಪೈಡ್ ಅಂದ್ರೆ ಅಲ್ಲಲ್ಲಿ ಬಿಳಿ ಮಚ್ಚೆ, ಸಿಲ್ವರ್, ತಲೆ ಮೇಲೆ ಜುಟ್ಟು ಇರೋ ಕ್ರೆಸ್ಟೆಡ್, ಮತ್ತೆ ಬಿಳಿ. ಈ ಬಿಳೀಲೇ ಎಲ್ಲಾ ಗೋಲ್‌ಮಾಲ್ ಇರೋದು. ಅಂಗಡೀಲಿ ಬಿಳಿ ಅಂತ ಕೊಡೋದ್ರಲ್ಲಿ ಎರಡು ಬೇರೆ ಬೇರೆ ಜಾತಕದ ಹಕ್ಕಿ ಇರ್ತಾವೆ. ಒಂದು ನಿಜವಾದ ವೈಟ್, ಸುಣ್ಣದ ತರ ಬಿಳಿ. ಇನ್ನೊಂದು ಚೆಸ್ಟ್‌ನಟ್ ಫ್ಲಾಂಕ್ಡ್ ವೈಟ್, ಸಾಕೋರೆಲ್ಲ ಸಿಎಫ್‌ಡಬ್ಲ್ಯೂ ಅಂತ್ಲೇ ಕರೆಯೋದು. ಇದರ ಗಂಡಾದ್ರೆ ಮೈ ಬಿಳಿ ಇದ್ರೂ ಕೆನ್ನೆ ಕಿತ್ತಳೆ, ಪಕ್ಕೆ ಕಂದು ಎಲ್ಲಾ ಕಾಣುತ್ತೆ, ಗುರುತು ಹಿಡಿಯೋದು ಸುಲಭ. ಹೆಣ್ಣಿಗೆ ಆ ಗುರುತು ಇಲ್ವಲ್ಲ, ಅದಕ್ಕೆ ನೋಡಕ್ಕೆ ಪಕ್ಕಾ ಬಿಳಿ ಹಕ್ಕಿ ತರಾನೇ ಇರುತ್ತೆ, ನಾನು ಮೋಸ ಹೋಗಿದ್ದೂ ಅಲ್ಲೇ.

ಬೆಳಗ್ಗೆ ಬಿಸಿಲಲ್ಲಿ ಪಂಜರ ತಿರುಗಿಸಿ ಹತ್ರದಿಂದ ನೋಡಿ. ಬೆನ್ನು ಸುಣ್ಣದ ಬಿಳಿಯಾ, ಇಲ್ಲಾ ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗಿದ್ಯಾ. ಕಣ್ಣಿನ ಕೆಳಗೆ ಕಣ್ಣೀರು ಇಳಿದಂಗೆ ಒಂದು ಮಾಸಿದ ಗೆರೆ ಇದ್ಯಾ. ಬಾಲದ ಮೇಲ್ಗಡೆ ಗರೀಲಿ ಅಡ್ಡ ಪಟ್ಟಿ ಕಾಣುತ್ತಾ. ಇವೆಲ್ಲ ಇದ್ರೆ ಅದು ಸಿಎಫ್‌ಡಬ್ಲ್ಯೂ ಹೆಣ್ಣು. ನಿಜವಾದ ಬಿಳಿಗೂ ಮರಿ ಇದ್ದಾಗ ಬೆನ್ನ ಮೇಲೆ ಅಲ್ಲೊಂದು ಇಲ್ಲೊಂದು ಬೂದು ಚುಕ್ಕಿ ಇರ್ಬೋದು, ಗರಿ ಉದುರಿ ಹೊಸದು ಬಂದಾಗ ಕಮ್ಮಿ ಆಗುತ್ತೆ, ಅದನ್ನ ನೋಡಿ ಕನ್‌ಫ್ಯೂಸ್ ಆಗ್ಬೇಡಿ. ಮರೀಲಿ ಆದ್ರೆ ಇನ್ನೂ ಸುಲಭ. ಸಿಎಫ್‌ಡಬ್ಲ್ಯೂ ಮರಿ ಹುಟ್ಟಿದಾಗ ಮುಚ್ಚಿರೋ ರೆಪ್ಪೆ ಒಳಗಿಂದ್ಲೇ ಕಣ್ಣು ಕೆಂಪಗೆ ಕಾಣುತ್ತೆ, ಬೇರೆ ಮರಿಗಳದ್ದು ಕಪ್ಪು ಬೊಟ್ಟು ಇಟ್ಟಂಗೆ ಇರುತ್ತೆ. ಸ್ವಲ್ಪ ದಿನಕ್ಕೆ ಕೆಂಪು ಹೋಗಿ ಎಲ್ಲದರ ಕಣ್ಣೂ ಒಂದೇ ತರ ಕಾಣುತ್ತೆ, ಹಂಗಾಗಿ ಮೊದಲ ಮೂರು ದಿನದೊಳಗೆ ನೋಡಿ ಬರೆದಿಟ್ಕೊಳ್ಳಿ. ನಾನು ಸಂಜೆ ಅಪ್ಪ ಅಮ್ಮ ಎರಡೂ ಕಾಳು ತಿನ್ನಕ್ಕೆ ಕೆಳಗೆ ಇಳಿದಾಗ ಮೊಬೈಲ್ ಟಾರ್ಚಿಗೆ ಬಿಳಿ ಕರ್ಚೀಫ್ ಸುತ್ತಿ ಮಡಕೆ ಒಳಗೆ ಹಿಡೀತೀನಿ, ಹತ್ತು ಸೆಕೆಂಡ್ ಅಷ್ಟೇ.

ನನ್ನ ಜೋಡೀಲಿ ಅಪ್ಪ ನಿಜವಾದ ವೈಟ್, ಅಮ್ಮ ಸಿಎಫ್‌ಡಬ್ಲ್ಯೂ. ಎರಡೂ ಬಿಳಿ ಕಂಡ್ರೂ ಬಿಳಿ ಆಗಕ್ಕೆ ಕಾರಣ ಬೇರೆ ಬೇರೆ ಜೀನ್. ಅಪ್ಪನ ಕಡೆ ಕೆಟ್ಟಿರೋದು ಅಮ್ಮನ ಕಡೆ ಸರಿ ಇದೆ, ಅಮ್ಮನ ಕಡೆ ಕೆಟ್ಟಿರೋದು ಅಪ್ಪನ ಕಡೆ ಸರಿ ಇದೆ, ಮರಿಗೆ ಎರಡೂ ಕಡೆಯಿಂದ ಒಂದೊಂದು ಸರಿ ಇರೋದು ಸಿಕ್ಕಿ ಕಾಡಿನ ಬೂದು ಬಣ್ಣ ವಾಪಸ್ ಬಂತು. ಇಷ್ಟೇ ಕಥೆ. ಇದೇ ಜೋಡಿ ತಿರುವುಮುರುವು ಆಗಿದ್ರೆ, ಅಂದ್ರೆ ಅಪ್ಪ ಸಿಎಫ್‌ಡಬ್ಲ್ಯೂ ಅಮ್ಮ ವೈಟ್ ಆಗಿದ್ರೆ, ಗಂಡು ಮರಿಯೆಲ್ಲ ಬೂದು ಬಂದು ಹೆಣ್ಣು ಮರಿಯೆಲ್ಲ ಬಿಳಿ ತರ ಬರ್ತಿದ್ವು. ಯಾಕೆ ಅಂತ ಕೆಳಗೆ ಬರುತ್ತೆ.

ಎರಡನೇದು: ಅಪ್ಪ ಯಾರು ಅನ್ನೋದು ಗ್ಯಾರಂಟಿ ಆಗ್ಬೇಕು

ದೊಡ್ಡ ಪಂಜರದಲ್ಲಿ ನಾಲ್ಕೈದು ಜೋಡಿ ಒಟ್ಟಿಗೆ ಬಿಟ್ಟು ಮರಿ ಬಣ್ಣ ಯಾಕೆ ಹಿಂಗೆ ಅಂತ ತಲೆ ಕೆಡಿಸ್ಕೊಳ್ಳೋದು ವೇಸ್ಟ್. ಝೀಬ್ರಾ ಫಿಂಚ್ ಜೋಡಿ ಕಟ್ಕೊಂಡು ನಿಯತ್ತಾಗಿ ಇರೋ ತರ ಕಾಣುತ್ತೆ, ಗಂಡು ಹೆಣ್ಣು ಇಬ್ರೂ ಸರದಿ ಮೇಲೆ ಕಾವು ಕೂರ್ತಾರೆ, ಆದ್ರೆ ಒಟ್ಟಿಗೆ ಇಟ್ಟಾಗ ಪಕ್ಕದ ಗಂಡಿನ ಜೊತೆ ಸೇರೋದೂ ಇದೆ, ಪಕ್ಕದ ಮಡಕೇಲಿ ಹೋಗಿ ಒಂದು ಮೊಟ್ಟೆ ಇಟ್ಟು ಬರೋದೂ ಇದೆ. ಅಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ ಅಂತಾಯ್ತು, ಗುಬ್ಬಿ ಅಲ್ಲ ಅಷ್ಟೇ.

ಅದಕ್ಕೆ ಒಂದು ಪಂಜರಕ್ಕೆ ಒಂದೇ ಜೋಡಿ. ಇದಕ್ಕಿಂತ ಮುಖ್ಯವಾದ್ದು, ಜನ ಮರೆಯೋದು ಇನ್ನೊಂದಿದೆ. ಹೆಣ್ಣು ಹಕ್ಕಿ ಗಂಡಿನ ವೀರ್ಯಾನ ಮೈಯೊಳಗೆ ಎರಡು ವಾರದ ತನಕ ಇಟ್ಕೊಂಡಿರ್ಬೋದು. ಅಂಗಡಿಯಿಂದ ತಂದ ಮಾರನೇ ದಿನಾನೇ ಹೊಸ ಗಂಡಿನ ಜೊತೆ ಬಿಟ್ರೆ ಮೊದಲ ಸಲದ ಮೊಟ್ಟೇಲಿ ಅಂಗಡಿ ಗಂಡಿನ ಮರಿ ಇದ್ರೂ ಇರ್ಬೋದು. ಮೂರು ವಾರ ಬೇರೆ ಹೆಣ್ಣುಗಳ ಜೊತೆ ಇಟ್ಟು ಆಮೇಲೆ ಜೋಡಿ ಮಾಡಿ. ಒಂಟಿಯಾಗಿ ಇಡ್ಬೇಡಿ, ಫಿಂಚ್ ಒಂಟಿ ಇದ್ರೆ ಬೇಜಾರು ಮಾಡ್ಕೊಳ್ಳುತ್ತೆ. ಆಗಲೇ ಮೊಟ್ಟೆ ಇಟ್ಟಾಗಿದ್ರೆ ಪರವಾಗಿಲ್ಲ, ಮರಿ ಸಾಕಿ, ಲೆಕ್ಕಕ್ಕೆ ಮಾತ್ರ ತಗೋಬೇಡಿ. ನನ್ನ ಬೂದು ಮರಿ ವಿಷಯದಲ್ಲೂ ಮೊದಲು ಈ ಡೌಟೇ ಇತ್ತು, ಎರಡನೇ ಸಲದ ಮೊಟ್ಟೇಲೂ ಎಲ್ಲಾ ಬೂದೇ ಬಂದಾಗ ಅದು ಕ್ಲಿಯರ್ ಆಯ್ತು.

ಮರಿ ಕಾಲಿಗೆ ರಿಂಗ್ ಹಾಕಿ. ಪ್ಲಾಸ್ಟಿಕ್ ಬಣ್ಣದ ರಿಂಗ್, ಒಂದೊಂದು ಜೋಡಿ ಮರಿಗೆ ಒಂದೊಂದು ಬಣ್ಣ, ನೋಟ್‌ಬುಕ್ಕಲ್ಲಿ ತಾರೀಕು, ಮೊಟ್ಟೆ ಎಷ್ಟು, ಒಡೆದಿದ್ದು ಎಷ್ಟು, ಯಾವ ಬಣ್ಣ, ಆಮೇಲೆ ಗಂಡಾ ಹೆಣ್ಣಾ. ರಿಂಗ್ ಬಣ್ಣದ್ದೇ ಒಂದು ತಮಾಷೆ ಇದೆ, 1981ರಲ್ಲಿ ನ್ಯಾನ್ಸಿ ಬರ್ಲಿ ಅನ್ನೋ ಸಂಶೋಧಕಿ ಝೀಬ್ರಾ ಫಿಂಚ್ ಹೆಣ್ಣುಗಳು ಕೆಂಪು ರಿಂಗ್ ಹಾಕಿರೋ ಗಂಡನ್ನ ಇಷ್ಟಪಡ್ತಾವೆ, ಹಸಿರು ರಿಂಗಿನ ಗಂಡಿನ ಕಡೆ ತಿರುಗೂ ನೋಡಲ್ಲ ಅನ್ನೋ ತರ ಬರೆದಿದ್ರು, ಆಮೇಲೆ ಬೇರೆಯವರು ಅದನ್ನೇ ಮಾಡಿ ನೋಡಿದಾಗ ಹಂಗೇನೂ ಕಾಣಲಿಲ್ಲ ಅಂದ್ರು. ನಾನು ಹಸಿರು ಹಾಕಿರೋ ಗಂಡಿಗೂ ಹೆಂಡ್ತಿ ಸಿಕ್ಕಿದೆ, ಅಷ್ಟು ಗೊತ್ತು.

ಮೂರನೇದು: ಅಮ್ಮನಿಂದ ಮಗಳಿಗೆ ಹೋಗದ ಬಣ್ಣ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಇದೊಂದು ತಲೆಗೆ ಹೋದ್ರೆ ಅರ್ಧ ಆಶ್ಚರ್ಯ ಮುಗೀತು.

ಮನುಷ್ಯರಲ್ಲಿ ಹುಡುಗನಿಗೆ ಎಕ್ಸ್ ವೈ, ಹುಡುಗಿಗೆ ಎಕ್ಸ್ ಎಕ್ಸ್ ಅಂತ ಹೈಸ್ಕೂಲಲ್ಲಿ ಓದಿದೀವಲ್ಲ, ಹಕ್ಕೀಲಿ ಅದು ಉಲ್ಟಾ. ಗಂಡಿಗೆ ಎರಡು ಝಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯೂ. ಮಗ ಅಪ್ಪನಿಂದ ಒಂದು ಝಡ್, ಅಮ್ಮನಿಂದ ಒಂದು ಝಡ್ ತಗೋತಾನೆ. ಮಗಳಿಗೆ ಅಮ್ಮ ಕೊಡೋದು ಡಬ್ಲ್ಯೂ ಮಾತ್ರ, ಅವಳ ಹತ್ರ ಇರೋ ಒಂದೇ ಝಡ್ಡು ಅಪ್ಪನದ್ದು. ಫಾನ್ ಮತ್ತೆ ಸಿಎಫ್‌ಡಬ್ಲ್ಯೂ ಎರಡೂ ಬಣ್ಣದ ಜೀನ್ ಕೂತಿರೋದು ಈ ಝಡ್ ಮೇಲೆ, ಎರಡೂ ರಿಸೆಸಿವ್, ಅಂದ್ರೆ ಪಕ್ಕದಲ್ಲಿ ಒಂದು ನಾರ್ಮಲ್ ಝಡ್ ಇದ್ರೆ ಸುಮ್ನೆ ಅವಿತುಕೊಂಡಿರುತ್ತೆ.

ಇದರಿಂದ ಬರೋ ನಿಯಮಗಳನ್ನ ನಮ್ಮ ಭಾಷೇಲಿ ಹೇಳ್ತೀನಿ. ಹೆಣ್ಣು ಫಿಂಚ್ ಈ ಎರಡು ಬಣ್ಣದ ವಿಷಯದಲ್ಲಿ ಏನನ್ನೂ ಬಚ್ಚಿಡಕ್ಕಾಗಲ್ಲ, ಅವಳ ಹತ್ರ ಇರೋದೇ ಒಂದು ಝಡ್, ಅದು ಫಾನ್ ಆದ್ರೆ ಅವಳು ಫಾನ್ ಕಾಣ್ತಾಳೆ, ಇಲ್ದಿದ್ರೆ ಇಲ್ಲ. ಬಚ್ಚಿಡೋನು ಗಂಡು. ಬೂದು ಕಾಣೋ ಗಂಡಿನ ಒಂದು ಝಡ್ ಫಾನ್ ಆಗಿದ್ರೆ ಅವನನ್ನ ಸ್ಪ್ಲಿಟ್ ಅಂತೀವಿ, ನೋಡಿ ಕಂಡು ಹಿಡಿಯಕ್ಕೆ ಸಾಧ್ಯನೇ ಇಲ್ಲ, ಎಂಥಾ ಪಳಗಿದೋರಿಗೂ.

ಫಾನ್ ಗಂಡು, ಬೂದು ಹೆಣ್ಣು ಹಾಕಿದ್ರೆ ಮಗಳೆಲ್ಲ ಫಾನ್, ಮಗ ಎಲ್ಲಾ ಬೂದು ಕಾಣೋ ಸ್ಪ್ಲಿಟ್. ಇದು ನನಗೆ ಭಾರೀ ಇಷ್ಟವಾದ ಜೋಡಿ, ಯಾಕಂದ್ರೆ ಮಡಕೇಲಿ ಇರುವಾಗ್ಲೇ ಗಂಡು ಹೆಣ್ಣು ಹೇಳ್ಬೋದು. ಮರಿಗೆ ಹನ್ನೆರಡು ದಿನ ಆಗೋ ಹೊತ್ತಿಗೆ ಬೆನ್ನ ಮೇಲೆ ಮುಳ್ಳುಮುಳ್ಳಾಗಿ ಗರಿ ಎದ್ದಿರುತ್ತೆ, ಒಂದೊಂದರ ತುದಿ ಬಿಚ್ಕೊಂಡು ಸಣ್ಣ ಬ್ರಶ್ ತರ ಕಾಣ್ತಿರುತ್ತೆ, ಅಂಗೈ ಮೇಲೆ ಇಟ್ಕೊಂಡು ನೋಡಿದ್ರೆ ಒಂದು ಮರಿಯ ಬ್ರಶ್ ತುದಿ ಬೂದಿ ಬಣ್ಣ, ಪಕ್ಕದ್ದು ಬೆಲ್ಲದ ಪಾನಕದ ಬಣ್ಣ. ಬೆಲ್ಲದ್ದು ಹೆಣ್ಣು. ಬರೆದಿಟ್ಕೊಳ್ಳಿ, ಎರಡು ತಿಂಗಳಾದ ಮೇಲೆ ನೋಡಿದ್ರೆ ಸರಿಯಾಗೇ ಇರುತ್ತೆ.

ಉಲ್ಟಾ ಮಾಡಿ, ಬೂದು ಗಂಡು ಫಾನ್ ಹೆಣ್ಣು, ಆಗ ಎಲ್ಲಾ ಮರಿ ಬೂದು. ಅಮ್ಮನ ಬಣ್ಣ ಎಲ್ಲಿ ಹೋಯ್ತು ಅಂತ ಕೇಳಿದ್ರೆ ಗಂಡು ಮಕ್ಕಳ ಮೈಯೊಳಗೆ ಅವಿತಿದೆ. ಆ ಮಗನನ್ನ ಇನ್ನೊಂದು ಬೂದು ಹೆಣ್ಣಿಗೆ ಹಾಕಿದ್ರೆ ಹುಟ್ಟೋ ಹೆಣ್ಣು ಮರೀಲಿ ಸುಮಾರು ಅರ್ಧ ಫಾನ್. ಅಜ್ಜಿ ಬಣ್ಣ ಮಗನ ಕಾಲಕ್ಕೆ ಮಾಯ ಆಗಿ ಮೊಮ್ಮಗಳಿಗೆ ಬಂತು. ನನ್ನ ಆ ಮೊದಲ ನಾಲ್ಕು ಬೂದು ಮರೀಲಿ ಎರಡು ಗಂಡಿದ್ವು, ಒಂದನ್ನ ಹೊಸನಗರದಿಂದ ತಂದ ಬೂದು ಹೆಣ್ಣಿಗೆ ಹಾಕಿದೆ, ಮೂರನೇ ಮರೀಲಿ ಅಜ್ಜಿಯ ಸಿಎಫ್‌ಡಬ್ಲ್ಯೂ ಕೆಂಪು ಕಣ್ಣು ಕಂಡಾಗ ಮಳೇಲೇ ಅಂಗಳಕ್ಕೆ ಓಡಿ ಹೋಗಿ ಅಮ್ಮನಿಗೆ ಹೇಳಿದೆ, ಅಮ್ಮ "ಅದಕ್ಕೆ ಯಾಕೆ ಇಷ್ಟು ಕುಣೀತೀಯ" ಅಂದ್ರು.

ಈಗ ಇದನ್ನೇ ತನಿಖೆಗೆ ಬಳಸಿ. ಬೂದು ಜೋಡಿಗೆ ಫಾನ್ ಮರಿ ಬಂತು ಅಂದ್ರೆ ಅಪ್ಪ ಸ್ಪ್ಲಿಟ್, ಅಷ್ಟು ಖಚಿತ, ಆ ಮರಿ ಹೆಣ್ಣೇ ಆಗಿರ್ಬೇಕು. ದೊಡ್ಡದಾದ ಮೇಲೆ ಅದು ಗಂಡು ಅಂತ ಗೊತ್ತಾದ್ರೆ ಆ ಬೂದು ಹೆಣ್ಣು ಅದರ ಅಮ್ಮ ಅಲ್ಲ, ಬೇರೆ ಯಾರೋ ಮೊಟ್ಟೆ ಇಟ್ಟು ಹೋಗಿದ್ದಾರೆ. ಫಾನ್ ಗಂಡು ಅಪ್ಪ ಅಂತ ಅಂದ್ಕೊಂಡಿದ್ದು ಬೂದು ಹೆಣ್ಣು ಮರಿ ಹುಟ್ತು ಅಂದ್ರೆ ಅಪ್ಪ ಅವನಲ್ಲ.

ನಾಲ್ಕನೇದು: ಇಬ್ರೂ ಬಚ್ಚಿಟ್ರೆ ಮಾತ್ರ ಬರೋ ಬಣ್ಣ

ವೈಟ್, ಪೈಡ್, ಎದೆ ತುಂಬ ಕಪ್ಪು ಹರಡಿರೋ ಬ್ಲ್ಯಾಕ್ ಬ್ರೆಸ್ಟ್, ಎದೆ ಕಿತ್ತಳೆ ಇರೋ ಆರೆಂಜ್ ಬ್ರೆಸ್ಟ್, ಹಳದಿ ಕೊಕ್ಕು ಇವೆಲ್ಲ ಝಡ್ ಮೇಲೆ ಇಲ್ಲ, ಮಾಮೂಲಿ ಕ್ರೋಮೋಸೋಮ್ ಮೇಲೆ ಇರೋ ರಿಸೆಸಿವ್‌ಗಳು. ಹಳದಿ ಕೊಕ್ಕಿನ ಹಿಂದಿರೋ ಜೀನ್ ಯಾವ್ದು ಅಂತ 2016ರಲ್ಲಿ ಪತ್ತೆ ಆಯ್ತು, ತಿನ್ನೋ ಆಹಾರದ ಹಳದಿ ಬಣ್ಣಾನ ಕೆಂಪು ಮಾಡೋ ಕೆಲಸದ ಜೀನ್ ಅದು, ಅದು ಕೈ ಕೊಟ್ರೆ ಕೊಕ್ಕು ಹಳದಿಯಾಗೇ ಉಳಿಯುತ್ತೆ. ಇಂಥ ಬಣ್ಣಗಳಲ್ಲಿ ಗಂಡೂ ಸ್ಪ್ಲಿಟ್ ಆಗ್ಬೋದು ಹೆಣ್ಣೂ ಆಗ್ಬೋದು, ಮರೀಲಿ ಕಾಣ್ಬೇಕಂದ್ರೆ ಎರಡೂ ಕಡೆಯಿಂದ ಬರ್ಬೇಕು.

ಎರಡು ಬೂದು ಹಕ್ಕಿಗೆ ಒಂದು ಬಿಳಿ ಮರಿ ಹುಟ್ತು ಅಂದ್ರೆ ಇಬ್ರೂ ವೈಟ್ ಸ್ಪ್ಲಿಟ್. ಲೆಕ್ಕದ ಪ್ರಕಾರ ನಾಲ್ಕಕ್ಕೆ ಒಂದು. ಆದ್ರೆ ನಾಲ್ಕು ಮರಿ ಹುಟ್ಟಿದ್ರೆ ಒಂದು ಬಿಳಿ ಬಂದೇ ಬರುತ್ತೆ ಅಂತಲ್ಲ, ನಾಲ್ಕು ಮರೀಲಿ ಒಂದೂ ಬಿಳಿ ಬರದೇ ಇರೋ ಚಾನ್ಸ್ ನೂರಕ್ಕೆ 32. ಹತ್ತು ಮರೀಲಿ ಒಂದೂ ಬರದೇ ಇರೋದು ನೂರಕ್ಕೆ ಆರಕ್ಕಿಂತ ಕಮ್ಮಿ. ಅದಕ್ಕೇ ಎರಡು ವರ್ಷ ಬರೀ ಬೂದು ಕೊಟ್ಟ ಜೋಡಿ ಮೂರನೇ ವರ್ಷ ಇದ್ದಕ್ಕಿದ್ದಂಗೆ ಬಿಳಿ ಕೊಡೋದು.

ಇಲ್ಲಿ ಒಂದು ಕಹಿ ವಿಷಯ ಹೇಳ್ಬೇಕು. ಅಂಗಡೀಲಿ ಒಂದೇ ಪಂಜರದಿಂದ ಕೈ ಹಾಕಿ ಎರಡು ಹಿಡಿದು ಜೋಡಿ ಅಂತ ಕೊಡ್ತಾರೆ, ಎಷ್ಟೋ ಸಲ ಅವು ಅಣ್ಣ ತಂಗಿ. ಒಂದೇ ಮನೆಯವಾದ್ರಿಂದ ಎರಡೂ ಒಂದೇ ಬಣ್ಣ ಬಚ್ಚಿಟ್ಟಿರ್ತಾವೆ, ಹಂಗಾಗಿ ಬಣ್ಣ ಹೊರಗೆ ಬರುತ್ತೆ. ಬಣ್ಣ ಬಂತು ಅಂತ ಖುಷಿಪಡೋ ಹೊತ್ತಿಗೆ ಮೊಟ್ಟೆ ಒಡೆಯದೇ ಇರೋದು, ಮರಿ ಸಣಕಲಾಗೋದೂ ಅದರ ಹಿಂದೇನೇ ಬರುತ್ತೆ. ಒಂದು ಪಂಜರದಿಂದ ಗಂಡು ತಂದ್ರೆ ಹೆಣ್ಣು ಬೇರೆ ಊರಿಂದ ತನ್ನಿ. ಸಾಗರದಲ್ಲಿ, ಭದ್ರಾವತೀಲಿ ಸಾಕೋರಿದ್ದಾರೆ, ಕೇಳಿದ್ರೆ ಅದಲು ಬದಲು ಮಾಡ್ಕೊಳ್ತಾರೆ. ಮನೇಲಿ ಹುಟ್ಟಿದ ಮರಿಗಳನ್ನೂ ಎರಡು ತಿಂಗಳು ತುಂಬೋದ್ರೊಳಗೆ ಗಂಡು ಹೆಣ್ಣು ಬೇರೆ ಮಾಡಿ, ಫಿಂಚ್ ಬೇಗ ದೊಡ್ಡದಾಗುತ್ತೆ, ಮೂರು ತಿಂಗಳಿಗೆಲ್ಲ ಅಣ್ಣ ತಂಗಿ ಮಡಕೆ ಹುಡುಕ್ತಿರ್ತಾವೆ.

ಸುಣ್ಣ ಹೊಡೆದ ಗೋಡೆ

ವೈಟ್ ಬಗ್ಗೆ ಇನ್ನೊಂದು ಮಾತು. ವೈಟ್ ಅನ್ನೋದು ಬಣ್ಣದ ಹಕ್ಕಿ ಮೇಲೆ ಸುಣ್ಣ ಹೊಡೆದಂಗೆ. ಕೆಳಗೆ ಗೋಡೆ ಯಾವ ಬಣ್ಣ ಇತ್ತು ಅಂತ ಹೊರಗಿಂದ ಗೊತ್ತಾಗಲ್ಲ. ಬಿಳಿ ಹಕ್ಕಿ ಒಳಗೆ ಬೂದು ಇರ್ಬೋದು, ಫಾನ್ ಇರ್ಬೋದು, ಸಿಎಫ್‌ಡಬ್ಲ್ಯೂ ಇರ್ಬೋದು. ಮೇಲೆ ಹೆಣ್ಣು ಬಚ್ಚಿಡಕ್ಕಾಗಲ್ಲ ಅಂದ್ನಲ್ಲ, ಈ ಸುಣ್ಣದ ಕೆಳಗೆ ಮಾತ್ರ ಅವಳೂ ಬಚ್ಚಿಡ್ತಾಳೆ.

ನನ್ನ ಬಿಳಿ ಗಂಡಿನ ವಿಷಯದಲ್ಲಿ ಅದು ಬೂದು ಅಂತ ಗೊತ್ತಾಯ್ತು, ಯಾಕಂದ್ರೆ ಅವನ ಹೆಣ್ಣು ಮರಿ ಎಲ್ಲಾ ಬೂದೇ ಬಂದ್ವು. ಆಮೇಲೆ ತಂದ ಇನ್ನೊಂದು ಬಿಳಿ ಗಂಡನ್ನ ಬೂದು ಹೆಣ್ಣಿಗೆ ಹಾಕಿ ಬಿಳಿ ಸ್ಪ್ಲಿಟ್ ಬೂದು ಮರಿ ಬರ್ಲಿ ಅಂತ ಕಾಯ್ತಿದ್ರೆ ಐದರಲ್ಲಿ ಮೂರು ಫಾನ್ ಬಂದ್ವು, ಮೂರೂ ಹೆಣ್ಣು, ಉಳಿದೆರಡು ಬೂದು ಗಂಡು. ಅಲ್ಲಿಗೆ ಅವನ ಸುಣ್ಣದ ಕೆಳಗಿರೋದು ಫಾನ್ ಅಂತಾಯ್ತು. ಹೆಣ್ಣು ಮರೀಲಿ ಒಂದೆರಡು ಮಾತ್ರ ಫಾನ್ ಬಂದು ಉಳಿದ ಹೆಣ್ಣು ಬೂದು ಬಂದಿದ್ರೆ ಅವನು ಕೆಳಗೆ ಫಾನ್ ಸ್ಪ್ಲಿಟ್ ಅಂತ ಬರ್ಕೋಬೇಕಿತ್ತು.

ಜುಟ್ಟಿಂದು ಒಂದೇ ಮಾತು. ಕ್ರೆಸ್ಟೆಡ್ ಡಾಮಿನೆಂಟ್, ಒಂದು ಕಡೆಯಿಂದ ಬಂದ್ರೆ ಸಾಕು, ಅರ್ಧ ಮರಿಗೆ ಜುಟ್ಟು ಬರುತ್ತೆ. ಎರಡೂ ಜುಟ್ಟಿನ ಹಕ್ಕಿ ಜೋಡಿ ಮಾಡ್ಬೇಡಿ, ಎರಡು ಡೋಸ್ ಬಿದ್ದ ಮರಿ ಬದುಕಲ್ಲ, ನಾಲ್ಕರಲ್ಲಿ ಒಂದು ಮೊಟ್ಟೆ ಹಂಗೇ ಹೋಗುತ್ತೆ. ಡಾಮಿನೆಂಟ್ ಸಿಲ್ವರ್ ಕೂಡ ಒಂದು ಕಡೆಯಿಂದ ಬಂದ್ರೆ ಕಾಣುತ್ತೆ, ಫಾನ್ ಮೇಲೆ ಸಿಲ್ವರ್ ಬಿದ್ರೆ ಕ್ರೀಮ್ ಬಣ್ಣ, ಅದನ್ನ ನೋಡಿ ಹೊಸ ಜಾತಿ ಹುಟ್ತು ಅಂತ ಡಬಲ್ ರೇಟ್ ಹೇಳೋರಿದ್ದಾರೆ, ಕೊಡ್ಬೇಡಿ.

ಡೌಟ್ ಬಂದ್ರೆ ಟೆಸ್ಟ್ ಮಾಡಿ

ಬೂದು ಹಕ್ಕಿ ವೈಟ್ ಸ್ಪ್ಲಿಟ್ಟಾ ಅಲ್ವಾ ಅಂತ ತಿಳ್ಕೊಳ್ಳೋಕೆ ನಿಜವಾದ ವೈಟ್ ಹಕ್ಕಿ ಜೊತೆ ಜೋಡಿ ಮಾಡಿ. ಒಂದೇ ಒಂದು ಬಿಳಿ ಮರಿ ಬಂದ್ರೂ ಉತ್ತರ ಸಿಕ್ತು, ಸ್ಪ್ಲಿಟ್. ಐದು ಮರಿ ಎಲ್ಲಾ ಬೂದು ಬಂದ್ರೆ? ಸ್ಪ್ಲಿಟ್ ಆಗಿದ್ದೂ ಐದು ಸಲಾನೂ ತಪ್ಪಿಸ್ಕೊಳ್ಳೋ ಚಾನ್ಸ್ 32ರಲ್ಲಿ ಒಂದು, ಏಳು ಮರಿ ಆದ್ರೆ 128ರಲ್ಲಿ ಒಂದು. ನಾನು ಏಳಕ್ಕೆ ನಿಲ್ಲಿಸ್ತೀನಿ. ಬೂದು ಗಂಡು ಫಾನ್ ಸ್ಪ್ಲಿಟ್ಟಾ ಅಂತ ನೋಡಕ್ಕೆ ಫಾನ್ ಹೆಣ್ಣಿಗೆ ಹಾಕಿ, ಸ್ಪ್ಲಿಟ್ ಆದ್ರೆ ಗಂಡು ಮರೀಲೂ ಹೆಣ್ಣು ಮರೀಲೂ ಅರ್ಧರ್ಧ ಫಾನ್ ಬರುತ್ತೆ, ಬೇಗ ಗೊತ್ತಾಗುತ್ತೆ.

ಹಂಗಂತ ಟೆಸ್ಟ್ ಹೆಸರಲ್ಲಿ ಹೆಣ್ಣು ಹಕ್ಕೀನ ಸುಸ್ತು ಮಾಡ್ಬೇಡಿ. ವರ್ಷಕ್ಕೆ ಎರಡು, ಹೆಚ್ಚಂದ್ರೆ ಮೂರು ಸಲ ಮರಿ ಮಾಡ್ಸಿ ಮಡಕೆ ತೆಗೆದುಬಿಡಿ. ಕಟಲ್ ಬೋನ್, ಅಂದ್ರೆ ಕ್ಯಾಲ್ಸಿಯಂಗೆ ಅಂತ ಹಕ್ಕಿ ಕೆರೆದು ತಿನ್ನೋ ಕಟಲ್‌ಫಿಶ್ ಮೂಳೆ, ಯಾವಾಗ್ಲೂ ಪಂಜರದಲ್ಲಿ ಇರ್ಲಿ, ಮೊಟ್ಟೆ ಚಿಪ್ಪು ಬೇಯಿಸಿ ಪುಡಿ ಮಾಡಿ ಹಾಕಿದ್ರೂ ನಡೆಯುತ್ತೆ. ಮೊಟ್ಟೆ ಸಿಕ್ಕಿ ಹಾಕ್ಕೊಂಡು ಹೆಣ್ಣು ಪಂಜರದ ತಳದಲ್ಲಿ ಗುಂಡಗೆ ಉಬ್ಬಿ ಕೂತ್ರೆ ತಡ ಮಾಡ್ದೆ ಡಾಕ್ಟರ ಹತ್ರ ಒಯ್ಯಿರಿ, ಶಿವಮೊಗ್ಗದಲ್ಲಿ ವೆಟರ್ನರಿ ಕಾಲೇಜೇ ಇದೆ.

ಮಳೆಗಾಲದ ಬಣ್ಣ

ಜೀನ್ ಲೆಕ್ಕ ಹಾಕೋ ಮುಂಚೆ ಮಲೆನಾಡಿನೋರು ಇದೊಂದು ನೋಡ್ಲೇಬೇಕು. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ, ನಮ್ಮಲ್ಲಿ ಅಷ್ಟಿಲ್ಲದಿದ್ರೂ ಜೂನಿಂದ ಸೆಪ್ಟೆಂಬರ್ ತನಕ ಬಿಸಿಲು ಅನ್ನೋದೇ ಅಪರೂಪ. ಹಕ್ಕಿ ಒಳಗೆ ಕತ್ತಲೇಲಿ, ತಿನ್ನಕ್ಕೆ ಬರೀ ನವಣೆ. ಹಿಂಗೆ ತಿಂಗಳುಗಟ್ಟಲೆ ಇದ್ದ ಫಿಂಚ್‌ಗೆ ಗರಿ ಬದಲಾಗುವಾಗ ಹೊಸ ಗರಿ ಕಪ್ಪಗೆ ಬರೋದುಂಟು, ಬಿಸಿಲು, ವಿಟಮಿನ್ ಡಿ ಮತ್ತೆ ಒಳ್ಳೆ ಆಹಾರದ ಕೊರತೆಯಿಂದ. ನನ್ನ ಒಂದು ಬೂದು ಹೆಣ್ಣು ಶ್ರಾವಣದ ಹೊತ್ತಿಗೆ ಎದೆ, ಹೊಟ್ಟೆ ಎಲ್ಲಾ ಮಸಿ ಹಿಡಿದಂಗೆ ಆಗಿತ್ತು, ಬ್ಲ್ಯಾಕ್ ಬ್ರೆಸ್ಟ್ ಸಿಕ್ತು ಅಂತ ನಾನು ಸ್ಟೇಟಸ್ ಬೇರೆ ಹಾಕಿದ್ದೆ. ದೀಪಾವಳಿ ಆದ್ಮೇಲೆ ಬೆಳಗ್ಗೆ ಬಿಸಿಲಿಗೆ ಇಟ್ಟು, ಬೇಯಿಸಿದ ಮೊಟ್ಟೆ ಸೊಪ್ಪು ಕೊಟ್ಟು, ಮುಂದಿನ ಸಲ ಗರಿ ಬಂದಾಗ ನೋಡಿದ್ರೆ ಮಾಮೂಲಿ ಬಣ್ಣ. ಸ್ಟೇಟಸ್ ಹಾಕಿದ್ದು ಮಾತ್ರ ಎಲ್ರಿಗೂ ನೆನಪಿದೆ.

ನಿಜವಾದ ಬ್ಲ್ಯಾಕ್ ಬ್ರೆಸ್ಟ್ ಆದ್ರೆ ಮರಿ ಗರಿ ಹೋಗಿ ಮೊದಲ ಸಲ ದೊಡ್ಡ ಗರಿ ಬರುವಾಗ್ಲೇ ಇರುತ್ತೆ, ಎರಡೂ ಪಕ್ಕ ಒಂದೇ ಸಮ ಇರುತ್ತೆ, ಬಿಸಿಲು ತೋರ್ಸಿದ್ರೆ ಹೋಗಲ್ಲ. ಬೆಳೆದ ಹಕ್ಕಿ ನಡುವೆ ಬಣ್ಣ ಬದಲಾಯಿಸಿದ್ರೆ ಮೊದಲು ಆಹಾರ, ಬೆಳಕು ನೋಡಿ. ಗಾಯ ಆದ ಜಾಗದಲ್ಲಿ, ಇನ್ನೊಂದು ಹಕ್ಕಿ ಕಿತ್ತ ಜಾಗದಲ್ಲಿ ಬಿಳಿ ಗರಿ ಬಂದ್ರೆ ಪೈಡ್ ಅಂದ್ಕೋಬೇಡಿ.

ನಮ್ಮ ದೊಡ್ಡಮ್ಮನ ಮನೇಲಿ ಬಿಳಿ ಹಕ್ಕಿ ಎರಡೇ ತಿಂಗಳಲ್ಲಿ ಬೂದಾಗಿತ್ತು. ಹೋಗಿ ನೋಡಿದ್ರೆ ಪಂಜರ ಇಟ್ಟಿದ್ದು ಬಚ್ಚಲ ಒಲೆ ಪಕ್ಕ, ಬೆಚ್ಚಗಿರ್ಲಿ ಅಂತ. ಹಂಡೆ ಮಸಿ. ತಟ್ಟೇಲಿ ನೀರಿಟ್ರೆ ಸ್ನಾನ ಮಾಡಿ ಸರಿ ಹೋಯ್ತು, ಪಂಜರ ಅಲ್ಲಿಂದ ತೆಗೆಸಿದೆ, ಹೊಗೆ ಹಕ್ಕಿಗೆ ವಿಷ ಇದ್ದಂಗೆ.

ಮರಿ ಬಣ್ಣದ ತೀರ್ಮಾನ ಅರ್ಜೆಂಟಲ್ಲಿ ಮಾಡ್ಬೇಡಿ. ಮೂರು ವಾರಕ್ಕೆ ಮರಿ ಹೊರಗೆ ಬರುತ್ತೆ, ಆಗ ಎಲ್ಲವೂ ಹೆಣ್ಣಿನ ತರಾನೇ, ಕೊಕ್ಕು ಕಪ್ಪು. ಐದಾರು ವಾರಕ್ಕೆ ಗಂಡಿನ ಕೆನ್ನೇಲಿ ಒಂದೆರಡು ಕಿತ್ತಳೆ ಗರಿ ಚಿಗುರುತ್ತೆ. ಪೂರ್ತಿ ಬಣ್ಣಕ್ಕೆ ಮೂರು ತಿಂಗಳು. ಅಲ್ಲಿವರೆಗೆ ನೋಟ್‌ಬುಕ್ಕಲ್ಲಿ ಪೆನ್ಸಿಲಲ್ಲಿ ಬರೀರಿ.

ಕೆಲವರು ಕೇಳ್ತಾರೆ, ನಮ್ಮ ಗದ್ದೆ ಬದುವಲ್ಲಿ ಬರೋ ರಾಟವಾಳ ಹಿಡಿದು ಇದರ ಜೊತೆ ಹಾಕಿದ್ರೆ ಹೊಸ ಬಣ್ಣ ಬರುತ್ತಾ ಅಂತ. ಆ ಯೋಚನೇನೇ ಬಿಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ನಮ್ಮ ಕಾಡು ಹಕ್ಕಿ ಹಿಡಿಯೋದೂ ತಪ್ಪು, ಪಂಜರದಲ್ಲಿ ಸಾಕೋದೂ ತಪ್ಪು.

ಮೊನ್ನೆ ಸಾಗರದಿಂದ ಪರಿಚಯದ ಹುಡುಗ ಒಬ್ಬ ಫೋನ್ ಮಾಡಿದ್ದ. "ಅಣ್ಣಾ, ನಮ್ಮ ಗ್ರೇ ಜೋಡಿಗೆ ಒಂದು ಫಾನ್ ಮರಿ ಬಂದಿದೆ, ಅಪ್ಪ ಸ್ಪ್ಲಿಟ್ ಅಲ್ವಾ?" ಹೌದು ಅನ್ನೋಕ್ಕೆ ಬಾಯಿ ತೆಗೆದೋನು ಪಂಜರದಲ್ಲಿ ಎಷ್ಟು ಜೋಡಿ ಇದೆ ಅಂತ ಕೇಳಿದೆ. ಮೂರಂತೆ, ಅದರಲ್ಲಿ ಒಂದು ಜೋಡಿ ಎರಡೂ ಫಾನ್. ಮರಿಗೆ ಈಗ 25 ದಿನ. ಇನ್ನು ಎರಡು ವಾರ ಬಿಟ್ಟು ಕೆನ್ನೆ ಫೋಟೋ ಕಳಿಸು ಅಂದಿದೀನಿ. ಕಿತ್ತಳೆ ಚುಕ್ಕಿ ಬಂತು ಅಂದ್ರೆ ಆ ಮರಿ ಪಕ್ಕದ ಮಡಕೇದು. ಬರ್ಲಿಲ್ಲ ಅಂದ್ರೆ ಅಪ್ಪನೇ ಸ್ಪ್ಲಿಟ್ಟಾ, ಫಾನ್ ಜೋಡಿ ಮೊಟ್ಟೇನಾ ಅಂತ ಹೇಳಕ್ಕಾಗಲ್ಲ, ಗ್ರೇ ಜೋಡೀನ ಬೇರೆ ಪಂಜರಕ್ಕೆ ಹಾಕಿ ಮೂರು ವಾರ ಮಡಕೆ ಕೊಡದೆ ಇಟ್ಟು ಮತ್ತೆ ಮೊದಲಿಂದ ಶುರು ಮಾಡ್ಬೇಕು. ಅವನಿಗೆ ಇನ್ನೊಂದು ಪಂಜರ ತಗೋ ಅಂತ ಹೇಳಿದ್ರೆ ಮನೇಲಿ ಬೈತಾರೆ ಅಂತಾನೆ.